ಅಜ್ಜಿಯ ಬೀಸುವ ಪದ ಪರೀಕ್ಷೆಯಲ್ಲಿ ಬರುತ್ತಾ?

ಪ್ರಶ್ನೆ: "ಮೇಡಂ ಅವರಿಗೆ ನಮಸ್ಕಾರ. ನಾನು ಸಿಂಧನೂರು ತಾಲೂಕಿನವನು. ಕಾಲುವೆ ನೀರಿನ ಮೇಲೆ ನಾಲ್ಕು ಎಕರೆ ಭತ್ತ ಬೆಳೆಯುತ್ತೇನೆ. ಮಗಳು ಬಳ್ಳಾರಿಯ ಒಂದು ಮಹಿಳಾ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಕಾಲೇಜು, ಹಾಸ್ಟೆಲ್ಲು ಎರಡೂ ಒಂದೇ ಕಾಂಪೌಂಡಿನೊಳಗೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಪಿಯುಸಿಯಲ್ಲಿ 84 ಪರ್ಸೆಂಟ್ ಬಂದಿತ್ತು. ಈಗ ಮೊದಲ ಸೆಮಿಸ್ಟರಿನಲ್ಲಿ 58. ವಿಚಾರಿಸಿದರೆ, ಅಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಉಪನ್ಯಾಸ, ಜಾನಪದ, ಹಾಡು ಅಂತ ಏನಾದರೂ ಇರುತ್ತದಂತೆ. ಇವಳು ಸಾಂಸ್ಕೃತಿಕ ಸಮಿತಿಗೆ ಬೇರೆ ಸೇರಿದ್ದಾಳೆ. ಬರೋ ತಿಂಗಳು ತಾನೇ ವೇದಿಕೆ ಮೇಲೆ ಮಾತಾಡುತ್ತಾಳಂತೆ. ವಿಷಯ, ನಮ್ಮವ್ವ ಹಾಡುತ್ತಿದ್ದ ಬೀಸುವ ಪದಗಳು! ಹೋದ ವಾರ ಫೋನ್ ಮಾಡಿ, 'ಅಪ್ಪಾ, ಅಜ್ಜಿ ಪದದ ಎರಡನೇ ನುಡಿ ಹೆಂಗಿತ್ತು?' ಅಂದಳು. 'ಅದು ಪರೀಕ್ಷೇಲಿ ಬರುತ್ತಾ? ಮೊದಲು ಓದಿಕೋ' ಅಂದು ಫೋನ್ ಇಟ್ಟೆ. ರಜೆಗೆ ಬಂದಾಗ, ನಮ್ಮಣ್ಣ ತನ್ನ ಹದಿನೇಳು ವರ್ಷದ ಮಗಳಿಗೆ ಗಂಡು ನೋಡುತ್ತಿದ್ದರೆ, ಎಲ್ಲರ ಎದುರು 'ದೊಡ್ಡಪ್ಪಾ, ಅದು ತಪ್ಪು' ಅಂದುಬಿಟ್ಟಳು. ಅಣ್ಣ ಇನ್ನೂ ಮಾತು ಬಿಟ್ಟಿದ್ದಾನೆ. 'ಹಾಸ್ಟೆಲಿಗೆ ಹಾಕಿದ ಹುಡುಗಿ ಕೈ ತಪ್ಪಿದಳು' ಅನ್ನುತ್ತಾನೆ. ಅವಳನ್ನು ಬಿಡಿಸಿ ಸಿಂಧನೂರಿನ ಕಾಲೇಜಿಗೆ ಹಾಕಲೇ? ಇಲ್ಲ, ಕಾರ್ಯಕ್ರಮಗಳಿಗೆ ಬಿಡಬೇಡಿ, ಸಂಜೆ ಆರಕ್ಕೆ ರೂಮಿಗೆ ಕಳಿಸಿ ಅಂತ ವಾರ್ಡನ್‌ಗೆ ಹೇಳಲೇ? ಅವಳನ್ನು ಟೀಚರ್ ಮಾಡಬೇಕು ಅಂತ ನನ್ನ ಆಸೆ."

ಉತ್ತರ:

ಅಣ್ಣಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇದರಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಅಂಕ ಇಳಿದದ್ದು ಒಂದು. ಮಗಳು ದೊಡ್ಡವರ ಎದುರು ಮಾತಾಡಿದ್ದು ಇನ್ನೊಂದು. ದೂರದ ಊರಿನಲ್ಲಿ ಅವಳು ಸುರಕ್ಷಿತವಾಗಿದ್ದಾಳೋ ಇಲ್ಲವೋ ಅನ್ನುವ ಭಯ ಮೂರನೆಯದು. ಮೂರಕ್ಕೂ ಶನಿವಾರದ ಉಪನ್ಯಾಸವೇ ಕಾರಣ ಅಂತ ನಿಮಗೆ ಅನ್ನಿಸಿದೆ. ನನಗೆ ಹಾಗೆ ಅನ್ನಿಸುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು 26 ವರ್ಷ ಈ ಭಾಗದ ಮಹಿಳಾ ಕಾಲೇಜುಗಳಲ್ಲಿ ಪಾಠ ಮಾಡಿದ್ದೇನೆ. ಅದರಲ್ಲಿ 11 ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದೆ. ಮಾನ್ವಿ, ಲಿಂಗಸೂಗೂರು, ಸಿರುಗುಪ್ಪ, ಕುಷ್ಟಗಿ ಕಡೆಯ ಹಳ್ಳಿಗಳಿಂದ ಟ್ರಂಕು ಹಿಡಿದು ಬಂದ ಎಷ್ಟೋ ಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ವಾರ ಹಾಸ್ಟೆಲಿನಲ್ಲಿ ಯಾರೂ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಪಿಯುಸಿಯಲ್ಲಿ 80, 85 ತೆಗೆದ ಮಕ್ಕಳೇ 55, 60ಕ್ಕೆ ಬಂದು ನಿಂತು ಅಳುತ್ತಿದ್ದರು. ಅವರಲ್ಲಿ ಹೆಚ್ಚಿನವರು ಯಾವ ಸಾಂಸ್ಕೃತಿಕ ಸಮಿತಿಯಲ್ಲೂ ಇರಲಿಲ್ಲ.

ಹಾಗಾದರೆ ಅಂಕ ಯಾಕೆ ಇಳಿಯುತ್ತದೆ? ದೊಡ್ಡ ಕಾರಣ ಭಾಷೆ. ನಿಮ್ಮ ಮಗಳು ಹತ್ತನೇ ತನಕ ಕನ್ನಡದಲ್ಲಿ ಓದಿದವಳು. ಪಿಯುಸಿ ಸೈನ್ಸ್ ಇಂಗ್ಲಿಷಿನಲ್ಲಿ ಇದ್ದರೂ, ನಮ್ಮ ಕಡೆ ಮೇಷ್ಟ್ರು ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಹಳೇ ಪ್ರಶ್ನೆಪತ್ರಿಕೆ, ಗೈಡು, ಬಾಯಿಪಾಠ ಸೇರಿದರೆ 84 ಬರುತ್ತದೆ. ಆ 84 ಸುಳ್ಳು ಅಂತ ನಾನು ಹೇಳುತ್ತಿಲ್ಲ, ಅದಕ್ಕೂ ಅವಳು ಬೆವರು ಸುರಿಸಿದ್ದಾಳೆ. ಆದರೆ ಡಿಗ್ರಿಗೆ ಬಂದ ಮೇಲೆ ಪಾಠ, ನೋಟ್ಸು, ಲ್ಯಾಬ್ ರೆಕಾರ್ಡು, ಉತ್ತರ ಎಲ್ಲವೂ ಇಂಗ್ಲಿಷು. ವರ್ಷಕ್ಕೊಂದು ದೊಡ್ಡ ಪರೀಕ್ಷೆ ಇದ್ದದ್ದು ಹೋಗಿ, ಕೆಲವೇ ತಿಂಗಳಿಗೊಂದು ಪರೀಕ್ಷೆ ಬರುತ್ತದೆ. ನಡುವೆ ಇಂಟರ್ನಲ್ಸ್, ಅಸೈನ್‌ಮೆಂಟು. ಹುಡುಗಿಗೆ ವಿಷಯ ಗೊತ್ತಿರುತ್ತದೆ. ಬರೆಯಲು ಕೂತರೆ ವಾಕ್ಯ ಹುಟ್ಟುವುದಿಲ್ಲ. ಒಬ್ಬ ವಿದ್ಯಾರ್ಥಿನಿ ನನ್ನ ಹತ್ತಿರ ಕೂತು ಬೆಳಕಿನ ವಕ್ರೀಭವನವನ್ನು ಕನ್ನಡದಲ್ಲಿ ಚೆಂದಾಗಿ ವಿವರಿಸಿದಳು. ಬಾವಿಯ ತಳ ಮೇಲೆ ಬಂದಂತೆ ಕಾಣುವ ಉದಾಹರಣೆ ಕೊಟ್ಟಳು. ಅದೇ ಪ್ರಶ್ನೆಗೆ ಅವಳ ಉತ್ತರಪತ್ರಿಕೆಯಲ್ಲಿ ಎರಡೇ ಸಾಲು ಇತ್ತು.

ಎರಡನೆಯ ಕಾರಣ ನಿದ್ದೆ. ಹದಿನೆಂಟು, ಇಪ್ಪತ್ತರ ವಯಸ್ಸಿನವರಿಗೆ ದಿನಕ್ಕೆ 7ರಿಂದ 9 ತಾಸು ನಿದ್ದೆ ಬೇಕು. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದೇ ನಿದ್ದೆಯಲ್ಲಿ. ಒಂದು ರೂಮಿನಲ್ಲಿ ನಾಲ್ಕೈದು ಜನ, ಒಬ್ಬಳು ಓದುವಾಗ ಇನ್ನೊಬ್ಬಳ ಮುಖದ ಮೇಲೆ ಲೈಟು, ಮತ್ತೊಬ್ಬಳ ಕೈಯಲ್ಲಿ ರಾತ್ರಿ ಒಂದು ಗಂಟೆ ತನಕ ಮೊಬೈಲು. ಅದರ ಮೇಲೆ ಬಳ್ಳಾರಿ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಅದು ರಾಯಚೂರಿನವರಾದ ನಿಮಗೆ ನಾನು ಹೇಳಬೇಕಿಲ್ಲ. ಮೇಲಿನ ಮಹಡಿಯಲ್ಲಿದ್ದರೆ ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿ ರಾತ್ರಿ ಹನ್ನೆರಡರ ತನಕ ಕೆಳಗೆ ಶಾಖ ಬಿಡುತ್ತಿರುತ್ತದೆ. ಮಗಳ ರೂಮು ಯಾವ ಮಹಡಿಯಲ್ಲಿದೆ ಅಂತ ಕೇಳಿದ್ದೀರಾ? ಚಿಕ್ಕ ಪ್ರಶ್ನೆ ಅನ್ನಿಸಬಹುದು. ಮೇಲಿನ ಮಹಡಿಯಿಂದ ಕೆಳಗಿನ ರೂಮಿಗೆ ಬದಲಾಯಿಸಿದ್ದಕ್ಕೇ ಚೇತರಿಸಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ.

ಊಟದ ವಿಷಯವನ್ನೂ ಹೇಳಿಬಿಡುತ್ತೇನೆ. ಎಂಟೂವರೆಗೆ ಲ್ಯಾಬ್ ಅಂತ ತಿಂಡಿ ಬಿಟ್ಟು ಓಡುವ ಮಕ್ಕಳು ಬಹಳ. ರೊಟ್ಟಿ, ಪಲ್ಯ ತಿಂದು ಬೆಳೆದವರಿಗೆ ಮೆಸ್ಸಿನ ಅನ್ನ ಸಾರು ಸೇರುವುದಿಲ್ಲ. ತಿಂಗಳ ಮುಟ್ಟು, ಕಡಿಮೆ ಊಟ ಸೇರಿ ರಕ್ತ ಕಡಿಮೆಯಾಗುತ್ತದೆ. ರಕ್ತ ಕಡಿಮೆಯಾದರೆ ಸುಸ್ತು, ಗಮನ ನಿಲ್ಲುವುದಿಲ್ಲ. ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ. ಊಟ ಆದ ತಕ್ಷಣ ಚಹಾ ಕುಡಿಯುವ ಅಭ್ಯಾಸ ಇದ್ದರೆ ಬಿಡಿಸಿ, ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ.

ಇನ್ನು ಶನಿವಾರದ ಕಾರ್ಯಕ್ರಮ. ವಾರಕ್ಕೆ 168 ತಾಸು. ಅದರಲ್ಲಿ ಉಪನ್ಯಾಸ ಕೇಳಲು ಹೋಗುವುದು ಎರಡು ತಾಸು, ಹೆಚ್ಚೆಂದರೆ ಮೂರು. ಅದರಿಂದ 26 ಅಂಕ ಇಳಿಯುವುದಿಲ್ಲ. ಆದರೆ ಒಂದು ಮಾತು ನಿಮ್ಮ ಪರವಾಗಿಯೂ ಹೇಳಬೇಕು. ಕೇಳುವುದು ಬೇರೆ, ನಡೆಸುವುದು ಬೇರೆ. ಸಮಿತಿಯಲ್ಲಿದ್ದವರಿಗೆ ಅತಿಥಿಗೆ ಫೋನು, ಬ್ಯಾನರು, ಕುರ್ಚಿ, ಹೂವು, ನಿರೂಪಣೆ, ವಾಟ್ಸಾಪ್ ಗುಂಪಿನಲ್ಲಿ ಮುಗಿಯದ ಮಾತು, ಹೀಗೆ ಕೆಲಸ ಬೆಳೆಯುತ್ತಲೇ ಹೋಗುತ್ತದೆ. ವಾರ್ಷಿಕೋತ್ಸವ ಹತ್ತಿರ ಬಂದರೆ ದಿನಕ್ಕೆ ಮೂರು ತಾಸು ರಿಹರ್ಸಲ್. ಒಳ್ಳೆಯ ಮಕ್ಕಳಿಗೆ 'ಆಗಲ್ಲ' ಅನ್ನಲು ಬರುವುದಿಲ್ಲ. ಲೆಕ್ಚರರ್‌ಗಳು ಒಮ್ಮೆ ಕೆಲಸ ಮಾಡುವ ಹುಡುಗಿ ಸಿಕ್ಕರೆ ಎಲ್ಲವನ್ನೂ ಅವಳಿಗೇ ವಹಿಸುತ್ತಾರೆ. ನಾನೂ ಹಾಗೆ ಮಾಡಿದ್ದೇನೆ, ಅದು ತಪ್ಪು. ನಿಮ್ಮ ಮಗಳ ಸಮಯ ಎಲ್ಲಾದರೂ ಸೋರುತ್ತಿದ್ದರೆ ಇಲ್ಲಿ ಸೋರುತ್ತಿರಬಹುದು.

ಎಲ್ಲಾ ಉಪನ್ಯಾಸಗಳೂ ಒಳ್ಳೆಯವು ಅಂತಲೂ ನಾನು ಹೇಳುವುದಿಲ್ಲ. ಅತಿಥಿ ಒಂದೂವರೆ ತಾಸು ತಡವಾಗಿ ಬರುವುದು. ಅಲ್ಲಿಯವರೆಗೆ ಹುಡುಗಿಯರು ಸೀರೆ ಉಟ್ಟು, ತಟ್ಟೆ ಹಿಡಿದು ಬಿಸಿಲಲ್ಲಿ ನಿಂತಿರುವುದು. ಆಮೇಲೆ ಶಾಲು, ಹಾರ, ಸ್ಮರಣಿಕೆ, ಏಳು ಜನರ ಭಾಷಣ. ಕೊನೆಗೆ ಪ್ರಶ್ನೆ ಕೇಳಲು ಸಮಯವಿಲ್ಲ. ಇಂಥ ಕಾರ್ಯಕ್ರಮದಿಂದ ಯಾವ ಹುಡುಗಿಗೂ ಏನೂ ಸಿಗುವುದಿಲ್ಲ. ಊರಲ್ಲಿ ಯಾರದೋ ಸಮಾರಂಭಕ್ಕೆ ಸಭಾಂಗಣ ತುಂಬಿಸಲು ಹಾಸ್ಟೆಲ್ ಹುಡುಗಿಯರನ್ನು ಬಸ್ಸಿನಲ್ಲಿ ಕರೆದೊಯ್ಯುವ ಪದ್ಧತಿಯೂ ಕೆಲವು ಕಡೆ ಇದೆ. ಪರೀಕ್ಷೆಗೆ ವಾರ ಇರುವಾಗ ಹೀಗೆ ಕೇಳಿದಾಗ ನಾನು ಜಗಳವಾಡಿ ನಿಲ್ಲಿಸಿದ್ದೇನೆ. ಮಗಳ ಕಾಲೇಜಿನಲ್ಲಿ ಇದು ನಡೆಯುತ್ತಿದ್ದರೆ ಪಾಲಕರ ಸಭೆಯಲ್ಲಿ ಎದ್ದು ನಿಂತು ಕೇಳಿ. ಆ ಹಕ್ಕು ನಿಮಗಿದೆ.

ಆದರೆ ಹುಡುಗಿಯೇ ವಿಷಯ ಆರಿಸಿ, ಊರಿಂದ ಪದ ತರಿಸಿಕೊಂಡು, ಹತ್ತು ನಿಮಿಷ ಎದ್ದು ಮಾತಾಡುವ ಕಾರ್ಯಕ್ರಮ ಬೇರೆ ಜಾತಿಯದು. ಅಂಥದ್ದು ಅಪರೂಪ. ಅದನ್ನು ನಡೆಸುವ ಲೆಕ್ಚರರ್ ಯಾರೋ, ಅವರಿಗೆ ನನ್ನ ನಮಸ್ಕಾರ.

'ನಮ್ಮ ಕಡೆಯ ಹೆಣ್ಣುಮಕ್ಕಳು ವೇದಿಕೆ ಹತ್ತುವವರಲ್ಲ' ಅನ್ನುವ ಮಾತನ್ನು ನಾನು ನೂರು ಸಲ ಕೇಳಿದ್ದೇನೆ. ನಿಮ್ಮ ಅಣ್ಣನವರೂ ಹೇಳಿರಬಹುದು. ಇದು ನಿಜ ಅಲ್ಲ. ಸಂಡೂರು ತಾಲೂಕಿನ ದರೋಜಿಯ ಈರಮ್ಮ ಅವರ ಹೆಸರು ಕೇಳಿದ್ದೀರಲ್ವಾ? ಓದು ಬರಹ ಬಾರದ ಹೆಣ್ಣುಮಗಳು. ಊರೂರಲ್ಲಿ ಜನರ ನಡುವೆ ನಿಂತು ಬುರ್ರಕಥೆಯ ಉದ್ದುದ್ದ ಕಾವ್ಯಗಳನ್ನು ನೆನಪಿನಿಂದಲೇ ಹಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ಜೀವಮಾನವಿಡೀ ತೊಗಲುಗೊಂಬೆ ಆಡಿಸಿದರು, 96ನೇ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಬಂತು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರು ನಾಟಕ, ರಂಗಗೀತೆಗಳಲ್ಲೇ ಬದುಕು ಕಳೆದರು. ಇನ್ನೂ ಹಿಂದಕ್ಕೆ ಹೋದರೆ ಹತ್ತೊಂಬತ್ತನೇ ಶತಮಾನದ ಹರಪನಹಳ್ಳಿ ಭೀಮವ್ವ. ಅವರು ಕಟ್ಟಿದ ಹಾಡುಗಳನ್ನು ಇವತ್ತಿಗೂ ಮನೆಗಳಲ್ಲಿ ಹಾಡುತ್ತಾರೆ. ಇವರೆಲ್ಲ ನಮ್ಮ ಸುತ್ತಮುತ್ತಲಿನವರೇ. ನಿಮ್ಮ ತಾಯಿಯವರೂ ಹಾಡಿದವರೇ. ಅವರ ವೇದಿಕೆ ಬೀಸುಕಲ್ಲಿನ ಮುಂದೆ ಇತ್ತು, ಅಷ್ಟೇ ವ್ಯತ್ಯಾಸ.

ಈಗ ನೀವು ಫೋನ್ ಇಟ್ಟ ಪ್ರಶ್ನೆಗೆ ಬರುತ್ತೇನೆ. 'ಅದು ಪರೀಕ್ಷೇಲಿ ಬರುತ್ತಾ?' ಬಿ.ಎಸ್ಸಿ. ಪರೀಕ್ಷೆಯಲ್ಲಿ ಬರುವುದಿಲ್ಲ. ಆದರೆ ನೀವು ಮಗಳನ್ನು ಟೀಚರ್ ಮಾಡಬೇಕು ಅಂತ ಬರೆದಿದ್ದೀರಿ. ಟೀಚರ್ ಕೆಲಸ ಅಂದರೆ ದಿನಾ ನಲವತ್ತು ಮಕ್ಕಳ ಎದುರು ನಿಂತು ಮಾತಾಡುವುದು. ಬಿ.ಎಡ್.ಗೆ ಹೋದರೆ ಬೋಧನಾ ಅಭ್ಯಾಸ ಅಂತ ಶಾಲೆಗೆ ಕಳಿಸುತ್ತಾರೆ. ಒಳ್ಳೆಯ ಅಂಕ ಇದ್ದ ಹುಡುಗಿಯರು ಅಲ್ಲಿ ಕರಿಹಲಗೆಯ ಕಡೆ ಮುಖ ಮಾಡಿ, ಮಕ್ಕಳ ಕಡೆ ತಿರುಗದೆ ಪಾಠ ಮುಗಿಸಿದ್ದನ್ನು ನೋಡಿದ್ದೇನೆ. ಒಬ್ಬಳ ಕೈಯಲ್ಲಿದ್ದ ಸೀಮೆಸುಣ್ಣ ಮುರಿದು ಪುಡಿಯಾಗಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಸಂವಿಧಾನದ 371ಜೆ ವಿಧಿ ಇದೆ, ಕಲ್ಯಾಣ ಕರ್ನಾಟಕದ ನಮ್ಮ ಏಳು ಜಿಲ್ಲೆಯವರಿಗೆ ಸೀಟಿನಲ್ಲೂ ನೌಕರಿಯಲ್ಲೂ ಮೀಸಲಾತಿ ಇದೆ, ಅದು ದೊಡ್ಡ ಅನುಕೂಲ. ಅದು ನಿಮ್ಮ ಮಗಳನ್ನು ಕ್ಲಾಸಿನ ಬಾಗಿಲ ತನಕ ಕರೆದೊಯ್ಯುತ್ತದೆ. ಒಳಗೆ ಹೋಗಿ ಬಾಯಿ ಬಿಡಬೇಕಾದವಳು ಅವಳೇ.

ಜನರ ಎದುರು ನಿಂತಾಗ ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು, ಕೈ ನಡುಗುವುದು ದೇಹದ ಸಹಜ ಕೆಲಸ. ಅಪಾಯ ಬಂತು ಅಂದುಕೊಂಡು ಮೈ ಅಡ್ರಿನಲಿನ್ ಬಿಡುತ್ತದೆ. ಮಾತು ಶುರುವಾದ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಮೊದಲ ಸಲ ಬಹಳ, ಎರಡನೇ ಸಲ ಸ್ವಲ್ಪ ಕಡಿಮೆ, ಹತ್ತನೇ ಸಲಕ್ಕೆ ಹಿಡಿತಕ್ಕೆ ಬರುತ್ತದೆ. ಇದಕ್ಕೆ ಮಾತ್ರೆ ಇಲ್ಲ, ಟ್ಯೂಷನ್ ಇಲ್ಲ. ಮತ್ತೆ ಮತ್ತೆ ನಿಲ್ಲುವುದೊಂದೇ ದಾರಿ. ಅದಕ್ಕೆ ಪರಿಚಯದ ಗೆಳತಿಯರೇ ಕೂತಿರುವ ಹಾಸ್ಟೆಲ್ ಸಭೆಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಬೇರೆ ಕಡೆ ತಪ್ಪಿದರೆ ನಗುತ್ತಾರೆ, ಇಲ್ಲಿ ತಪ್ಪಿದರೆ ರಾತ್ರಿ ಮೆಸ್ಸಿನಲ್ಲಿ ಪಕ್ಕ ಕೂತು ಸಮಾಧಾನ ಮಾಡುತ್ತಾರೆ.

ವಿಷಯ ಅಜ್ಜಿಯ ಪದ ಆಗಿರುವುದಕ್ಕೂ ಬೆಲೆ ಇದೆ. ಕ್ಲಾಸಿನಲ್ಲಿ ಇಡೀ ದಿನ ಇಂಗ್ಲಿಷು ಕೇಳಿ ಕೇಳಿ, ತನಗೆ ಏನೂ ಬರುವುದಿಲ್ಲ ಅನ್ನುವ ಭಾವನೆ ಈ ಮಕ್ಕಳಲ್ಲಿ ಗಟ್ಟಿಯಾಗುತ್ತದೆ. ಪೇಟೆಯ ಹುಡುಗಿಯರ ಎದುರು ಊರಿನ ಹೆಸರು ಹೇಳಲೂ ಹಿಂಜರಿಯುತ್ತಾರೆ. ಅಂಥವಳು ನಿಂತು, ಯಾರಿಗೂ ಗೊತ್ತಿಲ್ಲದ, ತನಗೊಬ್ಬಳಿಗೇ ಗೊತ್ತಿರುವ ಒಂದು ಸಂಗತಿ ಹೇಳುತ್ತಾಳೆ. ಬೀಸುಕಲ್ಲಿನ ತಿರುವಿಗೆ ಹಾಡಿನ ಲಯ ಹೇಗೆ ಕೂಡುತ್ತದೆ, ನಸುಕಿನಲ್ಲಿ ಎದ್ದು ಜೋಳ ಬೀಸುವಾಗ ತವರಿನ ನೆನಪು ಪದವಾಗಿ ಹೇಗೆ ಬರುತ್ತದೆ ಅಂತ. ಆ ಹೊತ್ತು ಸಭೆಯಲ್ಲಿ ಅವಳೇ ಬಲ್ಲವಳು. ಹೀಗೆ ಒಮ್ಮೆ ಎದ್ದು ನಿಂತ ಹುಡುಗಿ ಮಾರನೇ ವಾರ ಕೆಮಿಸ್ಟ್ರಿ ಕ್ಲಾಸಿನಲ್ಲಿ 'ಸರ್, ಇದು ಅರ್ಥ ಆಗಲಿಲ್ಲ' ಅಂತ ಕೈ ಎತ್ತುತ್ತಾಳೆ. ನಾನು ಇದನ್ನು ಒಂದಲ್ಲ ಹತ್ತು ಮಕ್ಕಳಲ್ಲಿ ಕಂಡಿದ್ದೇನೆ. ಕೈ ಎತ್ತಿದ ದಿನದಿಂದ ಅವರ ಅಂಕ ಏರತೊಡಗಿತು.

ದೊಡ್ಡಪ್ಪನ ಎದುರು ಮಾತಾಡಿದ ವಿಷಯ. ಅಣ್ಣಾ, ಇದನ್ನು ನೇರವಾಗಿಯೇ ಹೇಳುತ್ತೇನೆ. ನಿಮ್ಮ ಮಗಳು ಹೇಳಿದ್ದು ಸರಿ. ಹುಡುಗಿಗೆ 18 ತುಂಬದೆ ಮದುವೆ ಮಾಡುವುದು ಅಪರಾಧ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಮಾಡಿಸಿದ ತಂದೆತಾಯಿಯಷ್ಟೇ ಅಲ್ಲ, ನಿಂತು ನಡೆಸಿದವರು, ಪಾಲ್ಗೊಂಡವರೂ ಸಿಕ್ಕಿಬೀಳುತ್ತಾರೆ. ಅಕ್ಷತೆ ಹಾಕಲು ನೀವು ಹೋಗಿದ್ದರೆ ನಿಮ್ಮ ಮೇಲೂ ಕೇಸು ಆಗಬಹುದಿತ್ತು. ಮಗಳು ನಿಮ್ಮ ಅಣ್ಣನನ್ನೂ ನಿಮ್ಮನ್ನೂ ಉಳಿಸುವ ಮಾತಾಡಿದ್ದಾಳೆ. ಎಲ್ಲಕ್ಕಿಂತ ಮೊದಲು ಆ ಹದಿನೇಳರ ಹುಡುಗಿಯ ಪರವಾಗಿ ಆ ಮನೆಯಲ್ಲಿ ಒಬ್ಬರಾದರೂ ಬಾಯಿ ಬಿಟ್ಟರಲ್ಲ, ಅದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ಆ ಮಾತುಕತೆ ಇನ್ನೂ ನಡೆಯುತ್ತಿದ್ದರೆ, ದಯವಿಟ್ಟು ನೀವೂ ಅಣ್ಣನಿಗೆ ಹೇಳಿ. ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು.

ಎಲ್ಲರ ಎದುರು ಹೇಳಿದ್ದು ದೊಡ್ಡಪ್ಪನಿಗೆ ನೋವಾಗಿದೆ, ಅದೂ ನಿಜ. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಮಾತು ಮೊದಲು ಬರುತ್ತದೆ, ಹದ ಆಮೇಲೆ ಬರುತ್ತದೆ. ಹದವನ್ನು ನೀವು ಕಲಿಸಿ. ಮಾತು ಕಸಿಯಬೇಡಿ.

ಸುರಕ್ಷತೆಯ ಬಗ್ಗೆ. 'ಹಾಸ್ಟೆಲ್ ಹುಡುಗಿ ಕೆಡುತ್ತಾಳೆ' ಅನ್ನುವುದು ಎಷ್ಟು ಸುಳ್ಳೋ, 'ಬರೀ ಹೆಣ್ಣುಮಕ್ಕಳ ಕಾಲೇಜು, ಏನೂ ತೊಂದರೆ ಇಲ್ಲ' ಅನ್ನುವುದೂ ಅಷ್ಟೇ ಸುಳ್ಳು. ರ‍್ಯಾಗಿಂಗ್ ಹುಡುಗಿಯರಲ್ಲೂ ಇದೆ. ಸೀನಿಯರ್‌ಗಳು ರಾತ್ರಿಯಿಡೀ ತಮ್ಮ ರೆಕಾರ್ಡು ಬರೆಸುವುದು, ಊರಿನ ಮಾತಿನ ಶೈಲಿಯನ್ನು ಆಡಿಕೊಳ್ಳುವುದು, ಜಾತಿ ಕೇಳಿ ದೂರ ಇಡುವುದು, ಇವನ್ನೆಲ್ಲ ನಾನು ವಾರ್ಡನ್ ಆಗಿ ಎದುರಿಸಿದ್ದೇನೆ. ಇದಕ್ಕೆ ರಾಷ್ಟ್ರೀಯ ಸಹಾಯವಾಣಿ 1800-180-5522 ಇದೆ. ನಂಬರನ್ನು ಮಗಳ ಫೋನಿನಲ್ಲಿ ಸೇವ್ ಮಾಡಿಸಿ.

ಆರು ಗಂಟೆಗೆ ರೂಮಿಗೆ ಕಳಿಸಿ ಅಂತ ಕೇಳಬಹುದೇ ಅಂದಿರಿ. ಕೇಳಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿಯೇ, ಸುರಕ್ಷತೆಯ ಹೆಸರಲ್ಲಿ ಹುಡುಗಿಯರ ಹಾಸ್ಟೆಲಿಗೆ ಹುಡುಗರಿಗಿಲ್ಲದ ಕಟ್ಟುಪಾಡು ಹಾಕಬಾರದು ಅನ್ನುತ್ತದೆ. ಅದು ಕಾಗದದ ಮಾತಾಯಿತು. ನನ್ನ ಅನುಭವ ಹೇಳುತ್ತೇನೆ. ಬೀಗ ಹೆಚ್ಚಾದಷ್ಟೂ ಸುಳ್ಳು ಹೆಚ್ಚಾಗುತ್ತದೆ. ಔಟಿಂಗ್ ರಿಜಿಸ್ಟರಿನಲ್ಲಿ 'ಆಸ್ಪತ್ರೆ' ಅಂತ ಬರೆಯುತ್ತಾರೆ. ನಿಜವಾಗಿ ತೊಂದರೆಯಾದ ದಿನ, ಬೈಗುಳಕ್ಕೆ ಹೆದರಿ ವಾರ್ಡನ್ ಹತ್ತಿರ ಬರುವುದಿಲ್ಲ. ಅದೇ ದೊಡ್ಡ ಅಪಾಯ.

ನೀವು ಒಮ್ಮೆ ಹೋಗಿ ನೋಡಬೇಕಾದ್ದು ಬೇರೆ. ಸಭಾಂಗಣದಿಂದ ಹಾಸ್ಟೆಲಿಗೆ ಬರುವ ದಾರಿಯಲ್ಲಿ ಲೈಟು ಉರಿಯುತ್ತಿದೆಯಾ? ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಯ ಸದಸ್ಯರ ಹೆಸರು, ನಂಬರು ಗೋಡೆಯ ಮೇಲೆ ಇದೆಯಾ? ರಾತ್ರಿ ಹುಷಾರು ತಪ್ಪಿದರೆ ಗಾಡಿ ಯಾರದು? ಹೊರಗಿನ ಕಾರ್ಯಕ್ರಮಕ್ಕೆ ಕರೆದೊಯ್ಯುವಾಗ ಜೊತೆಗೆ ಯಾವ ಮೇಡಂ ಹೋಗುತ್ತಾರೆ, ವಾಪಸ್ ಎಷ್ಟು ಹೊತ್ತಿಗೆ? ಕಾರ್ಯಕ್ರಮದ ವಿಡಿಯೋಗಳನ್ನು ಯಾರು ತೆಗೆಯುತ್ತಾರೆ, ಎಲ್ಲಿ ಹಾಕುತ್ತಾರೆ, ಹುಡುಗಿಯರನ್ನು ಕೇಳಿ ಹಾಕುತ್ತಾರಾ? ಈಚೆಗೆ ಈ ಕೊನೆಯದರಿಂದಲೇ ನನ್ನ ಹತ್ತಿರ ಅಳುತ್ತಾ ಬರುವ ಮಕ್ಕಳು ಜಾಸ್ತಿ. ಡ್ಯಾನ್ಸ್ ಮಾಡಿದ ಹತ್ತು ಸೆಕೆಂಡಿನ ತುಣುಕು ಊರಿನ ಗುಂಪಿಗೆ ತಲುಪಿ, ಮನೆಯವರು ಕಾಲೇಜೇ ಬಿಡಿಸಿದ್ದೂ ಇದೆ. ಈ ಬಗ್ಗೆ ಪ್ರಿನ್ಸಿಪಾಲರ ಹತ್ತಿರ ಲಿಖಿತ ನಿಯಮ ಕೇಳಿ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಬಿಡಿಸಿ ಸಿಂಧನೂರಿಗೆ ಹಾಕುವುದು ಮೊದಲನೆಯದು. ಮಗಳು ಕಣ್ಣ ಮುಂದೆ ಇರುತ್ತಾಳೆ, ಮನೆ ಊಟ, ಹಾಸ್ಟೆಲ್ ಖರ್ಚಿಲ್ಲ. ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ. ಆದರೆ ತೊಡಕುಗಳಿವೆ. ಬಳ್ಳಾರಿಯ ಕಾಲೇಜುಗಳು ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿವೆ, ರಾಯಚೂರು ಜಿಲ್ಲೆಯವು ರಾಯಚೂರಿನ ವಿಶ್ವವಿದ್ಯಾಲಯಕ್ಕೆ. ನಡುವೆ ವಿಶ್ವವಿದ್ಯಾಲಯ ಬದಲಾದರೆ ಪಠ್ಯ ಹೊಂದುತ್ತದೆಯೇ ನೋಡಬೇಕು, ಅನುಮತಿ ಪಡೆಯಬೇಕು, ಸ್ಕಾಲರ್‌ಶಿಪ್ ಅರ್ಜಿ ತಿದ್ದಿಸಬೇಕು. ಒಂದು ವರ್ಷ ಹೋದರೂ ಹೋಗಬಹುದು. ಇಂಗ್ಲಿಷಿನ ತೊಂದರೆ ಅಲ್ಲಿಗೂ ಬೆನ್ನು ಹತ್ತಿ ಬರುತ್ತದೆ. ಬಸ್ಸಿಗೆ ಕಾಯುವುದು, ಮನೆಗೆಲಸ ಸೇರಿದರೆ ಶನಿವಾರದ ಎರಡು ತಾಸಿಗಿಂತ ಹೆಚ್ಚು ಹೊತ್ತು ದಿನಾ ಹೋಗುತ್ತದೆ. ಮತ್ತೊಂದು ಭಯವನ್ನು ಮುಚ್ಚಿಡುವುದಿಲ್ಲ. ಓದು ಅರ್ಧಕ್ಕೆ ನಿಲ್ಲಿಸಿ ಮನೆಗೆ ಬಂದ ಹುಡುಗಿಗೆ 'ಒಳ್ಳೇ ಸಂಬಂಧ' ಬೇಗ ಬರುತ್ತದೆ. 'ಸುಮ್ನೆ ಕೂತಿದ್ದಾಳಲ್ಲ' ಅನ್ನುತ್ತಾರೆ ಬಂಧುಗಳು. ವಾಪಸ್ ಕಾಲೇಜಿಗೆ ಬಂದವರು ಬಹಳ ಕಡಿಮೆ.

ಅಲ್ಲೇ ಬಿಟ್ಟು, ಕಾರ್ಯಕ್ರಮಗಳಿಗೆ ಹೋಗದಂತೆ ತಡೆಯುವುದು ಇನ್ನೊಂದು ದಾರಿ. ವಾರ್ಡನ್ ನಿಮ್ಮ ಮಾತು ಕೇಳಬಹುದು. ಗೆಳತಿಯರೆಲ್ಲ ಸಭಾಂಗಣದಲ್ಲಿದ್ದಾಗ ಇವಳು ರೂಮಿನಲ್ಲಿ ಪುಸ್ತಕ ತೆರೆದು ಕೂರುತ್ತಾಳೆ. ಓದುತ್ತಾಳೆ ಅಂತ ನನಗೆ ನಂಬಿಕೆ ಇಲ್ಲ. ಮೊಬೈಲ್ ನೋಡುತ್ತಾಳೆ, ಇಲ್ಲ ಅಳುತ್ತಾಳೆ. ನಿಮಗೆ ಹೇಳದೆ ಭಾಗವಹಿಸುವುದನ್ನೂ ಕಲಿಯಬಹುದು. ಇವತ್ತು ಎಲ್ಲವನ್ನೂ ಫೋನಿನಲ್ಲಿ ಹೇಳುವ ಮಗಳು ಆಮೇಲೆ 'ಊಟ ಆಯ್ತು, ಆರಾಮ ಇದ್ದೀನಿ' ಅಂತ ಎರಡೇ ಮಾತಿಗೆ ನಿಲ್ಲುತ್ತಾಳೆ.

ನಾನು ಹೇಳುವುದು ಹೀಗೆ. ಶನಿವಾರದ ಉಪನ್ಯಾಸ ಕೇಳಲಿ. ಬರೋ ತಿಂಗಳ ಮಾತು ಖಂಡಿತ ಆಡಲಿ. ಅದು ಮುಗಿದ ಮೇಲೆ ಸಮಿತಿಯ ಓಡಾಟದ ಕೆಲಸವನ್ನು ಒಂದು ಸೆಮಿಸ್ಟರಿನ ಮಟ್ಟಿಗೆ ಬೇರೆಯವರಿಗೆ ಬಿಟ್ಟುಕೊಡಲಿ. ಇದನ್ನು ಅವಳೇ ಲೆಕ್ಚರರ್‌ಗೆ ಹೇಳಬೇಕು. ಆ ಉಳಿದ ಹೊತ್ತು ಭಾಷೆಗೆ ಹೋಗಲಿ. ಪ್ರತಿ ವಿಷಯಕ್ಕೆ ಒಂದು ಚಿಕ್ಕ ನೋಟ್‌ಬುಕ್, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ತನ್ನದೇ ಕನ್ನಡದಲ್ಲಿ ಅರ್ಥ. ದಿನಕ್ಕೆ ಎರಡು ಉತ್ತರ, ಪುಸ್ತಕ ಮುಚ್ಚಿ ಇಂಗ್ಲಿಷಿನಲ್ಲಿ ಬರೆಯುವುದು. ವಾರಕ್ಕೊಮ್ಮೆ ಸೀನಿಯರ್ ಒಬ್ಬಳಿಗೆ ತೋರಿಸುವುದು. ಮೊದಲ ತಿಂಗಳು ಏನೂ ಬದಲಾದಂತೆ ಕಾಣುವುದಿಲ್ಲ, ಆಗ ಬೈಯಬೇಡಿ. ಮೊದಲ ಸೆಮಿಸ್ಟರಿನ ಉತ್ತರಪತ್ರಿಕೆಯ ನಕಲು ಸಿಗುವುದಾದರೆ ತರಿಸಿ ನೋಡಲಿ, ಎಲ್ಲಿ ಅಂಕ ಹೋಗಿದೆ ಅಂತ ಗೊತ್ತಾಗುತ್ತದೆ. ಈ ದಾರಿಯಲ್ಲೂ ಅಪಾಯ ಇಲ್ಲದಿಲ್ಲ. ಅಂಕ ಒಂದೇ ಸಲ 84ಕ್ಕೆ ಹಾರುವುದಿಲ್ಲ. ಎರಡನೇ ಸೆಮಿಸ್ಟರಿನಲ್ಲಿ 64, 65 ಬಂದರೆ ನಾನಾದರೆ ಸಿಹಿ ಹಂಚುತ್ತೇನೆ. ಅಷ್ಟು ತಾಳ್ಮೆ ನಿಮಗೆ ಇರಬೇಕಾಗುತ್ತದೆ, ಅಣ್ಣನವರ ಮಾತುಗಳ ನಡುವೆ ಅದು ಸುಲಭ ಅಲ್ಲ ಅಂತ ನನಗೆ ಗೊತ್ತು.

ಒಂದನ್ನು ಮಾತ್ರ ಕಾದು ನೋಡಬೇಡಿ. ಎರಡು ವಾರಕ್ಕಿಂತ ಹೆಚ್ಚು ದಿನ ಮಗಳು ಊಟ ಬಿಟ್ಟರೆ, ನಿದ್ದೆ ಇಲ್ಲ ಅಂದರೆ, ಮೊದಲು ಖುಷಿ ಕೊಡುತ್ತಿದ್ದ ಹಾಡು, ಗೆಳತಿಯರು ಯಾವುದೂ ಬೇಡ ಅಂದರೆ, ವೈದ್ಯರಿಗೆ ತೋರಿಸಿ. ಬದುಕುವುದು ಬೇಡ ಅನ್ನುವ ಅರ್ಥದ ಒಂದೇ ಮಾತು ಬಂದರೂ ಅವತ್ತೇ ಬಸ್ಸು ಹತ್ತಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಇಲ್ಲ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ನನಗೆ ಕಾಣಲಿಲ್ಲ. ಅಜ್ಜಿಯ ಪದ ಹುಡುಕುತ್ತಿರುವ ಹುಡುಗಿ ಬದುಕಿನ ಕಡೆ ಮುಖ ಮಾಡಿದ್ದಾಳೆ.

ಇವತ್ತು ರಾತ್ರಿ ಊಟ ಆದ ಮೇಲೆ ನೀವೇ ಫೋನ್ ಮಾಡಿ. ಅಂಕದ ಮಾತು ಎತ್ತಬೇಡಿ. ಆ ಎರಡನೇ ನುಡಿ ನಿಮಗೆ ನೆನಪಿದ್ದರೆ ಹೇಳಿ, ಮಾತಿನಲ್ಲಿ ಬರದಿದ್ದರೆ ಹಾಡಿ. ಪೂರ್ತಿ ನೆನಪಿಲ್ಲದಿದ್ದರೆ ಊರಲ್ಲಿ ನಿಮ್ಮ ತಾಯಿಯ ಓರಗೆಯವರು ಯಾರಾದರೂ ಇದ್ದೇ ಇರುತ್ತಾರೆ, ಅವರ ಕಟ್ಟೆಗೆ ಹೋಗಿ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಕಾರ್ಯಕ್ರಮ ಯಾವ ಶನಿವಾರ ಅಂತ ಕೇಳಿಕೊಳ್ಳಿ. ಸಿಂಧನೂರಿನಿಂದ ಸಿರುಗುಪ್ಪದ ಮೇಲೆ ಬಳ್ಳಾರಿಗೆ ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಸಭೆಗೆ ಆರಾಮಾಗಿ ತಲುಪುತ್ತೀರಿ. ಅವಳ ಅವ್ವನನ್ನೂ ಕರೆದುಕೊಂಡು ಹೋಗಿ.